ಥರ್ಮಾಮೀಟರಿಗೆ ಸುತ್ತಿದ ಒದ್ದೆ ಬಟ್ಟೆ

ಹವಾಮಾನ ಬದಲಾವಣೆ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಕಾರ್ಮಿಕರಿಗೆ ಕಾಳಜಿಯೇ ಇಲ್ಲವೆಂದು ತಮ್ಮ ಸಮೀಕ್ಷೆ ಕಂಡುಹಿಡಿದಿದೆಯಂತೆ. ನಮಗೆ ಅರಿವು ಮೂಡಿಸಲು ಬೀದಿನಾಟಕ ಆಡಿಸುತ್ತೀರಂತೆ. ದಯವಿಟ್ಟು ಬೇಡ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಉಗಿ ಇಸ್ತ್ರಿಪೆಟ್ಟಿಗೆ ಹಿಡಿದು ನಿಲ್ಲುವವರಿಗೆ ಬಿಸಿ ಎಂದರೇನೆಂದು ನಾಟಕದವರು ಹೇಳಿಕೊಡಬೇಕೆ?

ಕಳೆದ ಬೇಸಿಗೆಯಲ್ಲಿ ತಮ್ಮ ಸಮೀಕ್ಷೆಯ ಹುಡುಗಿ ಬಂದಾಗ ನಾನೂ ನನ್ನ ಅಕ್ಕನೂ ಪಕ್ಕಪಕ್ಕದ ಮೇಜಿನಲ್ಲಿದ್ದೆವು. "ಸೆಕೆ ಜಾಸ್ತಿ ಆಗಿದೆ ಅನ್ಸುತ್ತಾ?" ಎಂದು ಕೇಳಿದಳು. ಅಕ್ಕ ತೋಳಿನಿಂದ ಹಣೆ ಒರೆಸಿಕೊಂಡು, "ಇಲ್ಲಮ್ಮ, ಯಾವಾಗ್ಲೂ ಇದ್ದ ಹಾಗೇ ಇದೆ" ಎಂದಳು. ಹುಡುಗಿಯ ಗಲ್ಲದಿಂದಲೇ ಬೆವರು ತೊಟ್ಟಿಕ್ಕುತ್ತಿತ್ತು. ಆದರೂ ಪಾಪ, ಹಾಗೆಯೇ ಬರೆದುಕೊಂಡಳು.

ಅಕ್ಕ ಸುಳ್ಳೇಕೆ ಹೇಳಿದಳೆಂದು ಕೇಳುವ ವ್ಯವಧಾನ ತಮಗಿದೆಯೇ? ಶೆಡ್ಡಿನ ಗೋಡೆಯ ಥರ್ಮಾಮೀಟರ್ ಕೆಂಪು ಗೆರೆ ದಾಟಿದರೆ ಕೆಲಸ ನಿಲ್ಲಿಸಬೇಕೆಂಬ ನಿಯಮ ತಮ್ಮದೇ. ಎಂಥ ಕರುಣೆ! ನಿಂತ ಹೊತ್ತಿನ ಕೂಲಿ ಯಾರು ಕೊಡಬೇಕೆಂಬುದನ್ನು ಬರೆಯಲು ಮಾತ್ರ ಮರೆತಿರಿ. ಹಾಗಾಗಿ ಊಟವಾದೊಡನೆ ನಮ್ಮಲ್ಲೊಬ್ಬರು ಸ್ಟೂಲು ಹತ್ತಿ, ಕೆಂಪು ಗೆರೆ ದಾಟದಂತೆ ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತುತ್ತಾರೆ. ಸರದಿ ಪ್ರಕಾರ, ಬಲು ಶಿಸ್ತಿನಿಂದ. ಮಾಲೀಕರು ಕಂಡೂ ಕಾಣದಂತಿರುತ್ತಾರೆ. ನಮಗೆ ಕಾಳಜಿ ಇಲ್ಲವೆಂದಲ್ಲ ಸ್ವಾಮಿ, ಅದನ್ನು ಬಾಯಿಬಿಟ್ಟು ಹೇಳಿದ ದಿನ ನಮ್ಮ ಒಲೆ ಹತ್ತುವುದಿಲ್ಲ.

ಸಮೀಕ್ಷೆಯಾದ ಮರುವಾರ ಒಂದು ಮಧ್ಯಾಹ್ನ ಸರದಿ ಅಕ್ಕನದು.

"ಇವತ್ಯಾಕೋ ತಲೆ ಧಿಮ್ ಅಂತಿದೆ ಕಣೇ."

"ಹಾಗಾದ್ರೆ ಬಟ್ಟೆ ಕಟ್ಟೋದು ಬೇಡ ಬಿಡು. ಕೆಲಸ ನಿಲ್ಲಲಿ, ಮನೆಗೆ ಹೋಗೋಣ."

"ಬಾಡಿಗೆ ಕೇಳೋಕೆ ಬಂದ್ರೆ ನಿನ್ನ ತಲೆ ಕೊಡ್ಲಾ?" ಎಂದು ನಕ್ಕು, ಸ್ಟೂಲು ಹತ್ತಿ, ಬಟ್ಟೆ ಕಟ್ಟಿ ಇಳಿದಳು. ಸಂಜೆಯೊಳಗೆ ಮೇಜಿನ ಮೇಲೆಯೇ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದಳು. ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತಿದೆ, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತಿದೆ.

ಪರಿಹಾರ ಕೇಳಿದ್ದಕ್ಕೆ ತಮ್ಮ ಕಚೇರಿ ಏನೆಂದಿತು? ಆ ದಿನ ಶೆಡ್ಡಿನ ತಾಪಮಾನ ಮಿತಿಯೊಳಗಿತ್ತು, ಸಾವಿಗೆ ಸೆಕೆ ಕಾರಣವಲ್ಲ. ನಾನು ಏನೆಂದು ವಾದಿಸಲಿ? ತಮ್ಮ ಪರವಾಗಿ ಸಾಕ್ಷಿ ಕಟ್ಟಿಟ್ಟು ಹೋದವಳು ಅಕ್ಕನೇ.

ಕೆಲಸ ನಿಂತ ಹೊತ್ತಿಗೂ ಪೂರ್ತಿ ಕೂಲಿ ಕೊಡಬೇಕೆಂದು ನಿಯಮಕ್ಕೆ ಒಂದು ಸಾಲು ಸೇರಿಸಿ. ಆಮೇಲೆ ಬಂದು ಸೆಕೆ ಇದೆಯೇ ಎಂದು ಕೇಳಿ. ಸೇರಿಸುತ್ತೀರೆಂಬ ನಂಬಿಕೆ ನನಗಿಲ್ಲ. ಅಕ್ಕನ ಮೇಜಿಗೆ ಈಗ ಅವಳ ಮಗಳೇ ಬಂದಿದ್ದಾಳೆ. ನಾಳೆ ಮಧ್ಯಾಹ್ನ ಸರದಿ ಅವಳದು.

ಇಂತಿ,
ಅವಳು ಬೀಳದಂತೆ ಸ್ಟೂಲು ಹಿಡಿದು ನಿಲ್ಲಲಿರುವ
ಅವಳ ಚಿಕ್ಕಮ್ಮ