ನಿನ್ನ ಹಾಜರಿ ನಾನು ಹೇಳಿದೆ

ನನ್ನ ಮನೆಯಾಕೆಗೆ,

ಹಾಗಾದರೆ ಗೆದ್ದದ್ದು ಯಾರು, ನೀನೇ ಹೇಳು. ನಿನ್ನೆಯ ಕಾಗದವನ್ನು ನಾನು ಅಲ್ಲಿಗೇ ನಿಲ್ಲಿಸಿದ್ದೆ, ಹಾಲು ಉಕ್ಕಿತೆಂದು ಎದ್ದು ಹೋದೆ. ನೀನು ಮತ ಹಾಕಿ ಗೆಲ್ಲಿಸಿದ ಕಾರ್ಪೊರೇಟರ್, ನೀನು ಹೋದ ಮೇಲೆ, ನಾನು ಮತ ಹಾಕಿದ ಪಕ್ಷಕ್ಕೇ ಬಂದುಬಿಟ್ಟಿದ್ದಾನೆ. ಕೊರಳಲ್ಲಿ ಹೂಮಾಲೆ, ಹೊಸ ಬಣ್ಣದ ಶಾಲು. ನಾನು ಸೋಲಿಸಬೇಕೆಂದಿದ್ದ ಮನುಷ್ಯ ನನ್ನವನಾದ. ನನಗೆ ಖುಷಿಯಾಗಬೇಕಿತ್ತಲ್ಲವೇ? ಟಿವಿ ಆರಿಸಿಬಿಟ್ಟೆ. ನಿನ್ನ ಮತವನ್ನು ಯಾರೋ ನಿನ್ನ ಕಪಾಟಿನಿಂದ ತೆಗೆದುಕೊಂಡು ಹೋದ ಹಾಗೆ…

ಮತದಾನದ ದಿನ ಇಬ್ಬರೂ ಒಂದೇ ಆಟೋದಲ್ಲಿ ಹೋಗಿದ್ದೆವು, ನೆನಪಿದೆಯೇ? ಪಕ್ಷ ನೋಡಿ ಹಾಕಬೇಕು ಎಂದು ನಾನು, ಮನುಷ್ಯನನ್ನು ನೋಡಿ ಹಾಕಬೇಕು ಎಂದು ನೀನು. "ನೀವು ಅವಂಗ ಹಾಕ್ತೀರಿ, ನಾ ಇವಂಗ ಹಾಕ್ತೀನಿ. ನಿಮ್ಮದು ನಂದು ಎರಡೂ ವಜಾ! ಮನ್ಯಾಗ ಕುಂತು ಚಾ ಕುಡದಿದ್ರ ಈ ಬಿಸಲಾದ್ರೂ ತಪ್ತಿತ್ತಲ್ರಿ?" ಎಂದು ನೀನು ನಕ್ಕೆ. "ಹಂಗಾದ್ರ ಯಾಕ ಹೊಂಟಿ?" ಎಂದೆ ನಾನು. "ನನ್ನ ಕೆಲಸ ಐತಿ."

ನಿನ್ನ ಕೆಲಸವೇನೆಂದು ನನಗೆ ಗೊತ್ತಿತ್ತು. ನಮ್ಮ ಓಣಿಯ ಮೂಲೆಯಲ್ಲಿ ಕೂಲಿಯವರು ನಸುಕಿನಲ್ಲೇ ಬಂದು ನಿಲ್ಲುವ ಅಡ್ಡಾ ಇದೆಯಲ್ಲ, ಮೇಸ್ತ್ರಿ ಬಂದು ಕರೆದೊಯ್ಯುವವರೆಗೆ ಅಲ್ಲೇ ನಿಂತಿರುತ್ತಾರೆ. ಒಂದು ದಿನ ನೀನು ತರಕಾರಿಗೆ ಹೋದವಳು, ಈ ತೆಲುಗು ಊರಿನಲ್ಲಿ ಕನ್ನಡ ಕಿವಿಗೆ ಬಿದ್ದು ನಿಂತೆ. "ಯಾವೂರವ್ವಾ?" ಎಂದು ಕೇಳಿದ್ದಷ್ಟೇ. ಆಕೆಯ ಹೆಸರು ಭೀಮವ್ವ, ಯಾದಗಿರಿ ಕಡೆಯವಳೆಂದು ಗೊತ್ತಾಯಿತು. ಹೋಗಲು ಜಾಗವಿಲ್ಲವೆಂದು ಆ ಹೆಂಗಸರು ಬೆಳಿಗ್ಗೆ ನೀರೇ ಕುಡಿಯುವುದಿಲ್ಲ ಎಂಬುದೂ ಗೊತ್ತಾಯಿತು. ಮಾರನೆಯ ದಿನದಿಂದ ನಮ್ಮ ಹಿತ್ತಲ ಬಾತ್‌ರೂಮು ಅವರದಾಯಿತು. ನಾನು ಪೇಪರಿನ ಹಿಂದೆ ಗೊಣಗುತ್ತಿದ್ದೆ. ನೀನು ಕೇಳಿಸದವಳಂತೆ ಬಕೆಟ್ ತುಂಬಿಡುತ್ತಿದ್ದೆ.

ಆ ಕಾರ್ಪೊರೇಟರ್ ಮತ ಕೇಳಲು ಬಂದಾಗ ಅವನಿಗೆ ಮಜ್ಜಿಗೆ ಕೊಟ್ಟು, ಅವನು ಕುಡಿದು ಮುಗಿಸುವುದರೊಳಗೆ ನಿನ್ನ ಅರ್ಧಂಬರ್ಧ ತೆಲುಗಿನಲ್ಲಿ ಮಾತು ತೆಗೆದುಕೊಂಡುಬಿಟ್ಟೆ: ಅಡ್ಡಾದಲ್ಲಿ ಹೆಂಗಸರಿಗೊಂದು ಬಾತ್‌ರೂಮು ಕಟ್ಟಿಸಿದರೆ ನನ್ನ ವೋಟು ನಿಮಗೆ. ಅವನು ಹೋದ ಮೇಲೆ ನಾನು ಛೇಡಿಸಿದೆ: "ಆ ಕೂಲಿ ಹೆಂಗಸ್ರ ವೋಟು ಎಲ್ಲಾ ಅವರ ಊರಾಗ ಅದಾವ. ಇಲ್ಲಿ ಅವರನ್ನ ಯಾರು ಕೇಳ್ತಾರ?"

"ಅದಕ್ಕ ನಂದು ಹಾಕಾಕತ್ತೀನಿ," ಎಂದೆ ನೀನು.

ಗುಲಬರ್ಗಾದ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು ರೆಪ್ರೆಸೆಂಟೇಶನ್ ಅಂದರೇನು ಎಂದು ಬರೆಸಿದ್ದರು. "ಟು ಮೇಕ್ ದಿ ಆಬ್ಸೆಂಟ್, ಪ್ರೆಸೆಂಟ್…" ಮುಂದೆ 'ದೇರ್‌ಬೈ' ಎಂದು ಏನೋ ಇತ್ತು, ಮರೆತಿದೆ. ಅದನ್ನು ನಿನಗೆ ದೊಡ್ಡ ಪಂಡಿತನ ಹಾಗೆ ಹೇಳಿದ್ದೆ. ಇಲ್ಲದವರನ್ನು ಇರುವಂತೆ ಮಾಡುವುದು. ನೀನು ಅವರೆಕಾಯಿ ಬಿಡಿಸುತ್ತಲೇ, "ಅಂದ್ರ ನಾ ಸಾಲಿ ತಪ್ಪಿಸಿದ ದಿನ ನಮ್ಮ ಗೆಳತಿ ನನ್ನ ಹೆಸರಿಗೆ 'ಪ್ರೆಸೆಂಟ್ ಸಾರ್' ಅಂತಿದ್ಲಲ್ರಿ, ಹಂಗ," ಎಂದೆ.

"ಅದು ಪ್ರಾಕ್ಸಿ. ಕಳ್ಳ ಹಾಜರಿ."

"ಕಳ್ಳ ಹೆಂಗಾತ್ರಿ? ಆಕಿ ಸಂಜೀಕ ಮನೀಗೆ ಬಂದು ಅವತ್ತಿನ ಪಾಠ ಎಲ್ಲಾ ಹೇಳಿ ಹೋಗ್ತಿದ್ಲು."

ಮೇಷ್ಟ್ರು ಬರೆಸದೆ ಬಿಟ್ಟದ್ದು ಅದೇ ಇರಬೇಕು. ನಮ್ಮ ಹೆಸರಿನಲ್ಲಿ 'ಪ್ರೆಸೆಂಟ್' ಎಂದು ಕೂಗುವವರು ಎಷ್ಟು ಜನ! ಸಂಜೆ ಬಂದು ಏನಾಯಿತೆಂದು ಹೇಳಿ ಹೋಗುವವರು?

ಇವತ್ತು ಬೆಳಿಗ್ಗೆ ಆ ಕಾರ್ಪೊರೇಟರನ ಆಫೀಸಿಗೆ ಹೋಗಿದ್ದೆ. ಹೌದು, ನಾನೇ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ವಾಕ್ಯ ಜೋಡಿಸಿಕೊಂಡಿದ್ದೆ. ಎದುರಿಗೆ ಹೋದಾಗ "ಸರ್, ಯು ಆರ್ ಮೈ ವೈಫ್ಸ್ ರೆಪ್ರೆಸೆಂಟೇಟಿವ್…" ಎಂಬಲ್ಲಿಗೆ ನಿಂತುಹೋಯಿತು. ಸುತ್ತ ಕೂತವರು ನಕ್ಕರು. ಪಕ್ಷ ಬಿಟ್ಟದ್ದು ಯಾಕೆಂದು ಕೇಳುತ್ತಿದ್ದೇನೆ ಅಂದುಕೊಂಡು ಅವನು "ಅಂತಾ ಅಭಿವೃದ್ಧಿ ಕೋಸಮೇ ಸಾರ್" ಎಂದ. ಎಲ್ಲಾ ಅಭಿವೃದ್ಧಿಗಾಗಿಯೇ ಅಂತೆ. ಆಮೇಲೆ ನನ್ನ ಮುಖ ದಿಟ್ಟಿಸಿ, ಗುರುತು ಹತ್ತಿ, "ಮಜ್ಜಿಗ ಅಮ್ಮಗಾರು ಕದಾ! ಬಾಗುನ್ನಾರಾ?" ಎಂದುಬಿಟ್ಟ.

ಮಜ್ಜಿಗೆ ಕೊಟ್ಟ ಅಮ್ಮನವರಲ್ಲವೇ, ಚೆನ್ನಾಗಿದ್ದಾರಾ ಎಂದು ಕೇಳಿದ. ನಿನ್ನ ಬಗ್ಗೆ ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತು. ಬಂದವರೆಲ್ಲ ನನ್ನನ್ನು ಕೇಳುತ್ತಾರೆ, ಊಟ ಆಯಿತಾ, ನಿದ್ದೆ ಬರುತ್ತದಾ ಎಂದು. ನೀನು ಈಗಿಲ್ಲ ಎಂದಿದ್ದರೆ ಅವನು ಎದ್ದು ನಿಂತು ಕೈಮುಗಿಯುತ್ತಿದ್ದ, ನಾಲ್ಕು ಒಳ್ಳೆಯ ಮಾತಾಡುತ್ತಿದ್ದ, ನೀನು ಕೇಳಿದ್ದೂ ನಿನ್ನ ಜೊತೆಗೇ ಮುಗಿದುಹೋಗುತ್ತಿತ್ತು. ಅದಕ್ಕೇ…

"ಬಾಗುನ್ನಾರು," ಎಂದೆ. "ಅಡ್ಡಾದ ಬಾತ್‌ರೂಮು ಏನಾಯಿತು ಅಂತ ದಿನಾ ಕೇಳುತ್ತಾಳೆ" ಎಂದು ತೆಲುಗಿನಲ್ಲೇ ಹೇಳಿದೆ.

ಅವನ ನಗು ಸ್ವಲ್ಪ ಇಳಿಯಿತು. ಮಜ್ಜಿಗೆ ನೆನಪಿತ್ತು, ಕೊಟ್ಟ ಮಾತು ನೆನಪಿರಲಿಲ್ಲ. "ಚೇಸ್ತಾಂ ಸಾರ್. ಅಮ್ಮಗಾರಿಕಿ ಚೆಪ್ಪಂಡಿ." ಮಾಡುತ್ತೇವೆ, ಅಮ್ಮನವರಿಗೆ ಹೇಳಿ ಎಂದ. ಹೇಳುತ್ತಿದ್ದೇನೆ, ಕೇಳಿಸಿತೇ? ಮಾಡುತ್ತಾನೋ ಇಲ್ಲವೋ ಗೊತ್ತಿಲ್ಲ. ಆದರೆ ಮುಂದಿನ ವಾರವೂ ಹೋಗುತ್ತೇನೆ, ಅದರ ಮುಂದಿನ ವಾರವೂ. ಅವನು ಯಾವ ಪಕ್ಷದಲ್ಲಿರಲಿ, ನಿನ್ನ ಮತ ಅವನ ಹತ್ತಿರವೇ ಇದೆ; ನಿನ್ನ ಮಾತು ನನ್ನ ಹತ್ತಿರ ಇದೆ.

ವಾಪಸ್ ಬರುವಾಗ ಭೀಮವ್ವ ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು, ಇವತ್ತು ಕೂಲಿ ಸಿಕ್ಕಿರಲಿಲ್ಲ. "ಯಾಕವ್ವಾ, ಗೇಟು ತೆರದೇ ಇರ್ತೈತಿ, ನೀವು ಯಾರೂ ಬರೂದೇ ಇಲ್ಲ?" ಎಂದು ಕೇಳಿದೆ. ಸೆರಗು ಎಳೆದುಕೊಂಡಳು. "ಅಕ್ಕೋರಿದ್ದಾಗಿನ ಮಾತು ಬ್ಯಾರೆ ಇತ್ರಿ ಅಣ್ಣಾರ. ಈಗ ಗಂಡಸರು ಒಬ್ಬರೇ ಇರೋ ಮನಿ… ಮಂದಿ ಸುಮ್ಮನಿರಂಗಿಲ್ರಿ."

ಇಷ್ಟು ದಿನ ನನಗೆ ಹೊಳೆಯಲೇ ಇಲ್ಲ ನೋಡು. ನೀನಿಲ್ಲದ್ದಕ್ಕಲ್ಲ, ನಾನು ಇರುವುದಕ್ಕೆ ಅವರು ಬರುತ್ತಿಲ್ಲ. "ನಾಳಿಂದ ನಸಕಿನ್ಯಾಗ ನಾ ಇರಂಗಿಲ್ಲವ್ವಾ. ಇರಾನಿ ಹೋಟೆಲಿಗೆ ಚಾ ಕುಡ್ಯಾಕ ಹೋಗಿರ್ತೀನಿ. ನೀವು ಬರ್ರಿ," ಎಂದೆ.

"ದಿನಾ ಹೋಗ್ತೀರೇನ್ರಿ?"

"ದಿನಾ."

ಅವಳು ನಕ್ಕಳು. "ನೋಡೂಣ್ರಿ," ಎಂದಳು.

ನಾನು ಹೊರಗೆ ಹೋದಷ್ಟು ಹೊತ್ತು ಈ ಮನೆಯಲ್ಲಿ ನೀನಿದ್ದ ಹಾಗೆ ಆದೀತೇ? ಬಕೆಟ್ ತುಂಬಿಟ್ಟಾಯಿತು. ಇನ್ನೂ ಏನೋ ಹೇಳುವುದಿತ್ತು… ಅಕ್ಷರಗಳು ಮಸುಕಾಗುತ್ತಿವೆ, ಕಿಟಕಿಯ ಬೆಳಕು ಹೋಗುತ್ತಿದೆ. ಹಿತ್ತಲ ಬಾತ್‌ರೂಮಿನ ಬಲ್ಬು ಸುಟ್ಟುಹೋಗಿ ಬಹಳ ದಿನವಾಯಿತು. ಅವರು ಬರುವುದು ಕತ್ತಲಿರುವಾಗಲೇ. ಕಣ್ಣು ಕಾಣುತ್ತಿರುವಾಗಲೇ ಹೊಸದು ಹಾಕಿ ಬರುತ್ತೇನೆ.