ಗಂಟಲಿನ ಗೊರಗೊರ

ಸಿಸ್ಟರ್ ಅವರಿಗೆ ನಮಸ್ಕಾರ.

ನಾಳೆ ನಮ್ಮ ಯಜಮಾನರನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುತ್ತಾರಂತೆ. ಎದುರಿಗೆ ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಾರ್ಶ್ವವಾಯು ಹೊಡೆದ ಮೇಲೆ ಇವರು ಮೊದಲ ಸಲ ನಕ್ಕಿದ್ದು ನಿಮ್ಮನ್ನು ನೋಡಿ. ನಾನು ಬಾಚಣಿಗೆ ಹಿಡಿದರೆ ಮುಖ ತಿರುಗಿಸುವವರು, ನೀವು ಹಿಡಿದರೆ ಮಗುವಿನ ಹಾಗೆ ಕೂರುತ್ತಿದ್ದರು. ನನ್ನ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು.

ಆಮೇಲೆ ಆ ನೀರಿನ ಗಲಾಟೆ. ಬಾಯಿ ಒಣಗಿದೆಯೆಂದು ನಾನು ಎರಡು ಗುಟುಕು ಕುಡಿಸಿದ್ದೆ. ನನ್ನ ನಾದಿನಿಯ ಎದುರೇ ಲೋಟ ಕಿತ್ತುಕೊಂಡಿರಿ.

"ಕೆಮ್ಮಲೇ ಇಲ್ವಲ್ಲ!" ಎಂದು ಜಗಳಕ್ಕೆ ನಿಂತೆ.

"ಅದೇ ಭಯ ಅಮ್ಮ. ಕುಡಿದ ಮೇಲೆ ಗಂಟಲು ಸಣ್ಣಗೆ ಗೊರಗೊರ ಅಂತಿದೆ. ಕೆಮ್ಮೂ ಬರದ ಹಾಗೆ ನೀರು ಶ್ವಾಸಕೋಶಕ್ಕೆ ಇಳೀತಿರಬೇಕು" ಎಂದಿರಿ ನೀವು.

ನನಗೇನೂ ಕೇಳಿಸಲಿಲ್ಲ. ಡಾಕ್ಟರು ಪರೀಕ್ಷೆ ಮಾಡಿ ನಿಮ್ಮ ಮಾತೇ ಸರಿ ಎಂದರು.

ಜೀವ ಉಳಿಯಿತೆಂದು ಕೈಮುಗಿಯಬೇಕಾದವಳು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಇವರ ಸಿಟ್ಟು, ಸುಳ್ಳು, ಹಸಿವು ಎಲ್ಲವನ್ನೂ ದನಿಯಲ್ಲೇ ಹಿಡಿಯುವವಳು ನಾನು. ನನಗೆ ಕೇಳದ್ದು ನಿಮಗೆ ಹೇಗೆ ಕೇಳಿಸಿತು?

ಇವರನ್ನು ನೋಡಿಕೊಳ್ಳಲು ಮನೆಗೂ ನಿಮ್ಮನ್ನೇ ಕರೆಯೋಣ ಎನ್ನುತ್ತಿದ್ದಾಳೆ ನಾದಿನಿ. ದಯವಿಟ್ಟು ಒಪ್ಪಬೇಡಿ. ಇವತ್ತು ಊಟ ಕೊಡುವಾಗ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಸದ್ದು ಯಾವುದೆಂದು ಕಲಿಸಿ. ಗಂಜಿ ಎಷ್ಟು ಮಂದ ಇರಬೇಕು, ನುಂಗುವಾಗ ಗದ್ದ ಎಷ್ಟು ಬಾಗಬೇಕು, ಅದನ್ನೂ ತೋರಿಸಿ. ಬೈದರೂ ಪರವಾಗಿಲ್ಲ, ಕಲಿಯುತ್ತೇನೆ.

ನಮ್ಮ ಮನೆಯಲ್ಲಿ ಇವರ ಗಂಟಲಿಗೆ ಕಿವಿಗೊಡುವವಳು ಒಬ್ಬಳೇ ಸಾಕು.

ಇಂತಿ,
ಕಿಟಕಿ ಪಕ್ಕದ ಮಂಚದವರ ಹೆಂಡತಿ