ಅಣ್ಣನ ಭುಜಕ್ಕೆ ಕೂರದ ರೈಫಲ್

ಮಣ್ಣೂರ, ವಿಜಯದಶಮಿ, ೧೯೮೬

ಅಪ್ಪಾ,

ನೀವು ತೀರಿಕೊಂಡ ಮೇಲೆ ಇದು ಮೊದಲ ದಸರಾ. ನಿನ್ನೆ ಖಂಡೇನವಮಿಯ ಆಯುಧಪೂಜೆಗೆ ನೀವು ತರಿಸಿದ್ದ ರೈಫಲ್ಲಿಗೆ ಎಂದಿನಂತೆ ನಾನೇ ಕುಂಕುಮ ಹಚ್ಚಿದೆ. ಇವತ್ತು ವಾಮನಣ್ಣ ಅದನ್ನೆತ್ತಿಕೊಂಡು ಹೊಳೆದಂಡೆಗೆ ನಡೆದ. ದೂರದ ದಿಬ್ಬದ ಮೇಲೆ ಸುಣ್ಣ ಬಳಿದ ಗಡಿಗೆ ಇಟ್ಟಿದ್ದರು. ಅವನು ಹೊಡೆದ ಗುಂಡುಗಳೆಲ್ಲ ಮಣ್ಣಿಗೆ ಹೋದವು.

"ಹಿಂದಿನ ಹಿಡಿ ಕಟ್ಟಿಗಿ ಗಿಡ್ಡ ಆಗ್ಯದ, ಭುಜಕ್ಕ ಕೂಡಂಗಿಲ್ಲ. ಅಪ್ಪಗ ಬಂದೂಕ ಆರಿಸ್ಲಿಕ್ಕೇ ಬರ್ತಿದ್ದಿಲ್ಲ," ಅಂದ.

ನನಗೆ ಮೈಯೆಲ್ಲ ಉರಿಯಿತು. ಅವನ ಕೈಯಿಂದ ಕಸಿದುಕೊಂಡು ಭುಜಕ್ಕಿಟ್ಟೆ. ಅಳತೆ ಕೊಟ್ಟು ಹೊಲಿಸಿದ ಕುಪ್ಪಸದಂತೆ ಕೂತಿತು. ಕತ್ತು ಚಾಚದೆಯೇ ನಳಿಗೆಯ ಮೇಲಿನ ದುರ್ಬೀನು ಕಣ್ಣಿಗೆ ಬಂತು. ಗಡಿಗೆ ಚೂರಾಯಿತು.

ಆಗ ತಿಳಿಯಿತು ನಿಮ್ಮ ಕಳ್ಳಾಟ. ದೂರದ ಗುರಿಗೆ ಭಾರದ ನಳಿಗೆಯೇ ಬೇಕು, ಹಗುರದ್ದು ಕಾದರೆ ಗುಂಡು ಚದುರುತ್ತದೆ ಎಂದು ನಾನು ಹೇಳಿದಾಗ, "ಹೆಣ್ಹುಡುಗಿಗ್ಯಾಕ ಇದೆಲ್ಲಾ?" ಎಂದು ನೆಂಟರೆದುರು ನಕ್ಕಿದ್ದಿರಿ. ತರಿಸಿದ್ದು ಭಾರದ್ದನ್ನೇ. "ವಾಮನ ಊರಾಗಿಲ್ಲ, ನೀನೇ ಹಿಡ್ಕೊಂಡು ನಿಲ್ಲು," ಎಂದು ಬಡಿಗನಿಂದ ಹಿಡಿಯ ಕಟ್ಟಿಗೆ ಕೊಯ್ಯಿಸಿದ್ದು ನನ್ನ ತೋಳಿನ ಅಳತೆಗೆ. ಲೈಸೆನ್ಸ್ ಮಾತ್ರ ಅಣ್ಣನ ಹೆಸರಿಗೆ!

ಇದು ಸುಲಭಾಳದು ಎಂದು ಒಂದು ಸಲ ಬಾಯಿಬಿಟ್ಟು ಹೇಳಲು ನಿಮಗೇನು ಧಾಡಿಯಾಗಿತ್ತು?

ಬಡಿಗನಿಗೆ ಅಣ್ಣ ಆಗಲೇ ಹೇಳಿಕಳಿಸಿದ್ದಾನೆ. ನಾಳೆ ತುಂಡು ಮರ ಜೋಡಿಸಿ ಆ ಕಟ್ಟಿಗೆಯನ್ನು ಅವನ ತೋಳಿಗೆ ಸರಿಯಾಗಿ ಉದ್ದ ಮಾಡುತ್ತಾರೆ. ಬೇಡವೆನ್ನಲು ನನ್ನ ಹತ್ತಿರ ನಿಮ್ಮದೊಂದು ಮಾತೂ ಇಲ್ಲ.

ಮುಂದಿನ ಖಂಡೇನವಮಿಗೂ ಆ ರೈಫಲ್ಲಿಗೆ ಕುಂಕುಮ ಹಚ್ಚುವವಳು ನಾನೇ.

ಸುಲಭಾ